ಬೀರುವಿನ ಹಿಂದಿನ ಗೋಡೆ

ಗೋಡೆಗೆ ಬಣ್ಣ ಬಳಿಯುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಡಬಲ್ ಕೋಟ್ ಎಂದು. ಕೆಲಸ ಒಪ್ಪಿಕೊಳ್ಳುವಾಗ ಎರಡು ಕೋಟ್ ಬಣ್ಣ ಎಂದು ಎದೆ ತಟ್ಟಿ ಹೇಳುವುದು, ಬಳಿಯುವಾಗ ಒಂದೇ ಕೋಟಿಗೆ ಕುಂಚ ತೊಳೆದಿಡುವುದು ಅವನ ಪದ್ಧತಿ. ಯಾರಾದರೂ ಕೇಳಿದರೆ, ಒಂದನ್ನೇ ಎರಡರಷ್ಟು ಮನಸ್ಸಿಟ್ಟು ಬಳಿದಿದ್ದೇನಲ್ಲ ಎನ್ನುತ್ತಿದ್ದ. ಬಣ್ಣವನ್ನು ಅಳೆಯಬಹುದು, ಮನಸ್ಸನ್ನು ಅಳೆಯುವುದು ಹೇಗೆ?

ಅವನಿಗೆ ಇನ್ನೊಂದು ಪದ್ಧತಿಯೂ ಇತ್ತು. ಗೋಡೆಗೆ ಒರಗಿಸಿಟ್ಟ ಭಾರದ ಸಾಮಾನನ್ನು ಅವನು ಸರಿಸುತ್ತಿರಲಿಲ್ಲ. ಬೀರು ಅಡ್ಡ ಬಂದರೆ ಅದರ ಸುತ್ತ ಬಳಿದು ಮುಂದೆ ಹೋಗುತ್ತಿದ್ದ. "ಬೀರು ಹಿಂದೆ ಯಾರು ನೋಡ್ತಾರೆ?" ಎಂಬುದು ಅವನ ಸಿದ್ಧಾಂತ. ಇದರಿಂದಾಗಿ ಆ ಬೀದಿಯಲ್ಲಿ ಯಾರೇ ಬೀರು ಜರುಗಿಸಿದರೂ ಅದರ ಹಿಂದಿನಿಂದ ಮನೆಯ ಹಳೆಯ ಬಣ್ಣ, ಹಿಂದಿನ ಬಾಡಿಗೆದಾರರ ಮಕ್ಕಳು ಗೀಚಿದ ಚಿತ್ರ, ಯಾರೋ ಬರೆದಿಟ್ಟ ಫೋನ್ ನಂಬರ್ ಎಲ್ಲವೂ ಹೊರಬರುತ್ತಿದ್ದವು. ಅವನ ಹೆಂಡತಿಯಂತೂ ತನ್ನ ಮನೆಯ ಬೀರು ಸರಿಸುವುದನ್ನೇ ಬಿಟ್ಟುಬಿಟ್ಟಿದ್ದಳು. ಸರಿಸಿದ ದಿನ ಮನೆಯಲ್ಲಿ ಜಗಳ ಗ್ಯಾರಂಟಿ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು.

ಆ ವರ್ಷ ನದಿ ತನ್ನ ದಾರಿ ಬಿಟ್ಟು ಬೀದಿಯ ದಾರಿ ಹಿಡಿಯಿತು. ಬೆಳಗ್ಗೆ ಹಾಲು ತರಲು ಹೊರಟವರು ಹೊಸ್ತಿಲಲ್ಲೇ ನಿಂತರು. ಮಧ್ಯಾಹ್ನದ ಹೊತ್ತಿಗೆ ನಿಲ್ಲುವುದಕ್ಕೆ ಹೊಸ್ತಿಲೂ ಇರಲಿಲ್ಲ. ಡಬಲ್ ಕೋಟನ ತಾಯಿಗೆ ಮಂಡಿನೋವು, ಬೆತ್ತದ ಕುರ್ಚಿ ಬಿಟ್ಟು ಏಳುವವರಲ್ಲ. ಅವನು ಕುರ್ಚಿ ಸಮೇತ ಅವರನ್ನು ಮೇಜಿನ ಮೇಲೇರಿಸಿದ, ಹೆಂಡತಿಯನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದ, ಈಜಿಕೊಂಡು ಹೋಗಿ ಸಹಾಯ ತರುತ್ತೇನೆಂದು ಗಂಭೀರವಾಗಿ ಘೋಷಿಸಿದ. ತನಗೆ ಈಜು ಬರುವುದಿಲ್ಲ ಎಂಬ ಸಂಗತಿ ನೀರಿಗಿಳಿದ ಮೇಲೆ ನೆನಪಾಗಿ, ಸರಸರನೆ ಬೀರುವಿನ ಮೇಲೆ ಹತ್ತಿ ಕುಳಿತ. ಹೀಗೆ ಅವನು ಜೀವಮಾನದಲ್ಲಿ ಮೊದಲ ಸಲ ಒಂದು ಬೀರುವಿಗೆ ಕೈ ಹಚ್ಚಿದ.

ಆಗ ಬಂದವರು ಅಗ್ನಿಶಾಮಕ ಠಾಣೆಯವರು. ಅವರ ರಬ್ಬರ್ ದೋಣಿಯಲ್ಲಿ ರಬ್ಬರಿಗಿಂತ ತೇಪೆಯೇ ಹೆಚ್ಚಿತ್ತು. ಮುಂದೆ ಹಗ್ಗ ಹಿಡಿದು, ಎದೆಮಟ್ಟ ನೀರಿನಲ್ಲಿ ನಡೆದು ಬಂದವರು ಠಾಣಾಧಿಕಾರಿಗಳೇ. ಅವರ ಗಂಟಲಿಗೆ ಸೈರನ್ ಬೇಕಿರಲಿಲ್ಲ. ಅವರು ಮೆಲ್ಲಗೆ ಮಾತಾಡಿದರೆ ಪಕ್ಕದ ಬೀದಿಯವರು ಕಿಟಕಿ ತೆರೆದು ನೋಡುತ್ತಿದ್ದರು. ತಾಯಿಯನ್ನು ಕುರ್ಚಿ ಸಮೇತ ಹೆಗಲ ಮೇಲೆ ಹೊತ್ತು ದೋಣಿಗೆ ತಲುಪಿಸಿದರು. ದೋಣಿಯಲ್ಲಿ ಕುಳಿತ ತಾಯಿ, ನನ್ನ ರೇಡಿಯೋ ಒಳಗೇ ಉಳೀತಲ್ಲಪ್ಪ ಎಂದರು. ಠಾಣಾಧಿಕಾರಿಗಳು ಮತ್ತೆ ಒಳಗೆ ಹೋಗಿ ರೇಡಿಯೋವನ್ನು ತಲೆಯ ಮೇಲಿಟ್ಟುಕೊಂಡು ತಂದರು. ಹೆಂಡತಿಯನ್ನು ಇಳಿಸಿಕೊಂಡರು. ಕೊನೆಗೆ ಬೀರುವಿನ ಮೇಲಿನಿಂದ ಡಬಲ್ ಕೋಟನನ್ನು ಹಣ್ಣು ಕೀಳುವ ಹಾಗೆ ಕಿತ್ತು ದೋಣಿಗೆ ಹಾಕಿಕೊಂಡರು.

ಆ ಬೀದಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಆದರೆ ಅವರು ಬೀದಿಯವರನ್ನು ಎತ್ತಿ ಸಾಗಿಸುತ್ತಿದ್ದ ಹೊತ್ತಿನಲ್ಲಿ, ಬೀದಿಯ ತಗ್ಗಿನ ತುದಿಯಲ್ಲಿದ್ದ ಅವರ ಸ್ವಂತ ಠಾಣೆ ಮುಳುಗಿತು. ಬೆಂಕಿ ಆರಿಸುವ ಲಾರಿಯ ಹೊಟ್ಟೆಗೆ ಕೆಸರು ಹೋಯಿತು. ಅವರ ಹಾಸಿಗೆ, ಬಟ್ಟೆ, ಮಕ್ಕಳ ಫೋಟೋ ಎಲ್ಲ ನೀರುಪಾಲಾದವು. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬೇರೆಯವರ ಮನೆಗಳಲ್ಲಿದ್ದರು.

ನೀರಿಳಿದ ಮೇಲೆ ಸರ್ಕಾರದ ಪಂಪುಗಳು ಬಂದು ಕೆಸರು ಹೀರಿದವು, ವೈದ್ಯರು ಬಂದು ಮಾತ್ರೆ ಕೊಟ್ಟರು, ಮನೆ ರಿಪೇರಿಗೆ ಪರಿಹಾರವೂ ಬಂತು. ಸರ್ಕಾರವನ್ನು ಬೈಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಔಷಧಿ ಅಂಗಡಿಯವನು ಕೂಡ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದ. ಬೀದಿಯ ಅಷ್ಟೂ ಮನೆಗಳಿಗೆ ಹೊಸ ಬಣ್ಣವಾಯಿತು. ಬಳಿದವನು ಯಾರೆಂದು ಹೇಳಬೇಕಾಗಿಲ್ಲ.

ಆದರೆ ಡಬಲ್ ಕೋಟನ ಎದೆಯಲ್ಲಿ ಒಂದು ಮಾತು ಸಿಕ್ಕಿಹಾಕಿಕೊಂಡಿತ್ತು. ಥ್ಯಾಂಕ್ಸ್ ಹೇಳಿಬರುತ್ತೇನೆಂದು ಅವನು ಠಾಣೆಗೆ ಹೋಗುತ್ತಿದ್ದ. ಠಾಣಾಧಿಕಾರಿಗಳು ಅದು ನಮ್ಮ ಡ್ಯೂಟಿ ಬಿಡಿ ಎಂದು ಕೈಗೆ ಚಹಾ ಲೋಟ ಕೊಡುತ್ತಿದ್ದರು. ಇವನು ಚಹಾ ಕುಡಿದು ವಾಪಸು ಬರುತ್ತಿದ್ದ. ಥ್ಯಾಂಕ್ಸ್ ಹೇಳಲು ಹೋಗಿ ಚಹಾ ಕುಡಿದು ಬರ್ತಾನೆ, ಸಾಲ ಇನ್ನೂ ಜಾಸ್ತಿ ಮಾಡ್ಕೊಂಡ ಎಂದು ತಾಯಿ ರೇಡಿಯೋದ ಮುಂದೆ ಕುಳಿತು ಗೊಣಗುತ್ತಿದ್ದರು. ಕೊನೆಗೆ ಅವನಿಗೆ ಒಂದು ಮಹಾ ಯೋಚನೆ ಹೊಳೆಯಿತು. ಬಾಯಲ್ಲಿ ಹೇಳಲಾಗದಿದ್ದರೆ ಬೇಡ, ಕೈಯಲ್ಲಿ ಕುಂಚವಿದೆ. ಠಾಣೆಯ ಒಳಗೂ ಹೊರಗೂ ತನ್ನದೇ ಖರ್ಚಿನಲ್ಲಿ ಬಣ್ಣ ಬಳಿದುಕೊಟ್ಟರಾಯಿತು.

ಆ ಶನಿವಾರ ಠಾಣೆಯವರೆಲ್ಲ ಎರವಲು ಲಾರಿ ಹತ್ತಿ, ನದಿಯ ಕೆಳಗಿನ ಊರುಗಳಲ್ಲಿ ಕೆಸರು ತೆಗೆಯಲು ಹೋಗಿದ್ದರು. ಕಾವಲಿಗೆ ಉಳಿದಿದ್ದವನು ತೂಕಡಿಕೆ ಎಂದೇ ಹೆಸರಾದ ಫೈರ್‌ಮನ್. ಪ್ರವಾಹದ ದಿನ ಕಣ್ಣು ಮುಚ್ಚದೆ ದುಡಿದವನು, ಆ ಬಾಕಿ ನಿದ್ದೆಯನ್ನು ಈಗಲೂ ತೀರಿಸುತ್ತಿದ್ದ. ಸೋಮವಾರ ಸರ್ಕಾರದ ಕಡೆಯಿಂದ ಗೋಡೆಗಳನ್ನು ನೋಡಲು ಜನ ಬರುತ್ತಾರೆ, ನಾವಿಲ್ಲದಾಗಲೇ ಬಂದರೆ ಎಲ್ಲ ತೆರೆದು ತೋರಿಸು, ಅವರು ಹೇಳಿದಂತೆ ಕೇಳು ಎಂದು ಠಾಣಾಧಿಕಾರಿಗಳು ಹೊರಡುವಾಗ ಅವನಿಗೆ ಹೇಳಿದ್ದರು. ಸೋಮವಾರ ಎನ್ನುವಾಗ ಅವನಿಗೆ ನಿದ್ದೆ ಬಂದಿತ್ತು, ಉಳಿದ ಮಾತಿಗೆ ಎಚ್ಚರವಾಗಿತ್ತು.

ಡಬಲ್ ಕೋಟ್ ಏಣಿ, ಡಬ್ಬಿಗಳ ಸಮೇತ ಬಂದು, ಗೋಡೆ ನೋಡಬೇಕಿತ್ತು ಎಂದ. ಸರ್ಕಾರವೇ ಇವನನ್ನು ಕಳಿಸಿರಬೇಕೆಂದುಕೊಂಡು ತೂಕಡಿಕೆ ಸೆಲ್ಯೂಟ್ ಹೊಡೆದು ಬಾಗಿಲು ತೆರೆದ. ಇಷ್ಟು ಮರ್ಯಾದೆ ಡಬಲ್ ಕೋಟನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಗೋಡೆಯ ಮೇಲೆ ಸುತ್ತಲೂ ಕೆಸರಿನ ಕಂದು ಗೆರೆ ಎಳೆದಂತಿತ್ತು. ಅದರ ಕೆಳಗೆಲ್ಲ ಪಾಚಿ, ಕಲೆ. ಇಂಥ ಒಳ್ಳೆಯವರು ಇಂಥ ಕೊಳಕು ಗೋಡೆಗಳ ನಡುವೆ ಮಲಗುವುದೇ ಎಂದು ಅವನಿಗೆ ಸಂಕಟವಾಯಿತು. ಕೆರೆದ, ತೊಳೆದ, ಬಳಿದ. ಸರ್ಕಾರದವರು ಹೇಳಿದಂತೆ ಕೇಳಬೇಕಲ್ಲ, ತೂಕಡಿಕೆ ಏಣಿ ಹಿಡಿದು ನಿಂತೇ ನಿದ್ದೆ ಮಾಡಿದ. ಭಾನುವಾರ ಸಂಜೆಗೆ ಠಾಣೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬೆಳ್ಳಗಾಯಿತು.

ಸೋಮವಾರ ಬೆಳಗ್ಗೆ ಡಬಲ್ ಕೋಟ್ ತಾಯಿ, ಹೆಂಡತಿ, ಹೆಂಡತಿಯ ತಮ್ಮ, ಎಲ್ಲರನ್ನೂ ಠಾಣೆಯ ಗೇಟಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಕಾದ. ತಾಯಿ ನಿಂತಿರಲಿಲ್ಲ, ಬೆತ್ತದ ಕುರ್ಚಿಯೂ ಬಂದಿತ್ತು. ಬೀದಿಯವರೂ ಸೇರಿದರು. ಈ ಸಲ ಒಂದಿಂಚೂ ಬಿಟ್ಟಿಲ್ಲ ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಔಷಧಿ ಅಂಗಡಿಯವನು ಮೀಸೆಯಲ್ಲೇ ನಕ್ಕು, ಬೀರು ಹಿಂದೆ ಎಂದು ಕೇಳಿದ. ಡಬಲ್ ಕೋಟ್ ಎದೆಯುಬ್ಬಿಸಿ, ಬೀರು ಸರಿಸಿಯೇ ಬಳಿದಿದ್ದೇನೆ ಎಂದ. ತಾಯಿಯ ಕಣ್ಣು ತುಂಬಿ ಬಂತು. ಹೆಂಡತಿ ಮಾತ್ರ ಅವನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು. ಸುಳ್ಳು ಹೇಳುವುದರಲ್ಲಿ ಅವನಿಗೊಂದು ಅನುಕೂಲವಿತ್ತು. ಅದನ್ನು ಎಲ್ಲರಿಗಿಂತ ಮೊದಲು ಅವನೇ ನಂಬಿಬಿಡುತ್ತಿದ್ದ.

ಲಾರಿ ಬಂದು ನಿಂತಿತು. ಠಾಣಾಧಿಕಾರಿಗಳು ಇಳಿದರು, ಗೋಡೆ ನೋಡಿದರು, ಒಳಗೆ ಹೋದರು, ಹೊರಗೆ ಬಂದರು. ಸೈರನ್ನಿನಂಥ ಆ ಗಂಟಲಿನಿಂದ ಪಿಸುದನಿಯಲ್ಲಿ, "ಆ ಗೆರೆ ಎಲ್ಲಿ?" ಎಂದರು.

ಡಬಲ್ ಕೋಟ್ ವಿನಯದಿಂದ, ತುಂಬ ಹಟಮಾರಿ ಗೆರೆ ಸಾರ್, ಉಪ್ಪಿನ ಕಾಗದ ಹಾಕಿ ತಿಕ್ಕಿ ತೆಗೆದೆ ಎಂದ.

ಆಮೇಲೆ ತಿಳಿದದ್ದು ಇಷ್ಟು. ಪ್ರವಾಹದಲ್ಲಿ ಹಾಳಾದ ತುರ್ತು ಸೇವೆಯ ಕಟ್ಟಡಗಳನ್ನು ಮತ್ತೆ ಕಟ್ಟಲು ಸರ್ಕಾರ ಅನುದಾನ ಕೊಡುತ್ತಿತ್ತು. ಇಂಜಿನಿಯರ್ ಬಂದು ನೀರು ಎಷ್ಟು ಎತ್ತರ ನಿಂತಿತ್ತೆಂದು ಆಯಾ ಕಟ್ಟಡದ ಗೋಡೆಯ ಮೇಲೇ ಅಳೆಯಬೇಕು. ಗೆರೆ ಎದೆಮಟ್ಟ ದಾಟಿದ್ದರೆ ಎತ್ತರದ ಪಾಯದ ಮೇಲೆ ಹೊಸ ಠಾಣೆ, ಹೊಸ ಲಾರಿ, ಹೊಸ ದೋಣಿ. ಇಲ್ಲದಿದ್ದರೆ ಈ ಠಾಣೆಯನ್ನು ಮುಚ್ಚಿ ಸೇತುವೆಯ ಆಚೆಗಿನ ಠಾಣೆಗೆ ಸೇರಿಸಿಬಿಡುವುದು. ನದಿ ಉಕ್ಕಿದಾಗ ಮೊಟ್ಟಮೊದಲು ಮುಳುಗುವುದೇ ಆ ಸೇತುವೆ ಎಂಬುದು ಬೀದಿಯ ಮಕ್ಕಳಿಗೂ ಗೊತ್ತಿತ್ತು. ಇಂಜಿನಿಯರ್ ಮಧ್ಯಾಹ್ನ ಬರುವವರಿದ್ದರು.

ನೀರು ನಿಂತಾಗಿನ ಫೋಟೋ ಏನಾದರೂ ಇರಬಹುದಲ್ಲ ಎಂದು ಹೆಂಡತಿಯ ತಮ್ಮ ಕೇಳಿದ. "ಯಾರು ತೆಗೀಬೇಕಿತ್ತು?" ಎಂದರು ಠಾಣಾಧಿಕಾರಿಗಳು. "ನಾವೆಲ್ಲ ನಿಮ್ಮ ಮನೆಗಳಲ್ಲಿ ಇದ್ವಲ್ಲ." ಹೇಳಿ, ಇಂಜಿನಿಯರನ್ನು ಕರೆತರಲು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಡಬಲ್ ಕೋಟನ ಬಳಿ ಸಿದ್ಧ ಉತ್ತರಗಳಿದ್ದವು.

ಹೆಂಡತಿಯ ತಮ್ಮ ಯಾವುದೋ ಕಚೇರಿಯಲ್ಲಿ ಫೈಲು ಎತ್ತಿಡುವ ಕೆಲಸದಲ್ಲಿದ್ದ. ಆದ್ದರಿಂದ ಸರ್ಕಾರ ಹೇಗೆ ನಡೆಯುತ್ತದೆಂದು ತನಗೆ ಗೊತ್ತೆಂದು ಅವನ ನಂಬಿಕೆ. ಅವನು ಭಾವನನ್ನು ಪಕ್ಕಕ್ಕೆ ಕರೆದು, ಅಳಿಸಿದವನು ನೀನೇ, ಬರೆಯುವವನೂ ನೀನೇ ಆಗಬೇಕು ಎಂದು ಉಪದೇಶಿಸಿದ. ಗೆರೆ ತಾನೇ, ಎಳೆದುಬಿಡು. ಡಬಲ್ ಕೋಟನಿಗೆ ಹೋದ ಜೀವ ಬಂದಂತಾಯಿತು. ಕಂದು ಬಣ್ಣ ಕಲಸಿದ. ಎಷ್ಟು ಎತ್ತರ? ಮೊದಲು ಎದೆಮಟ್ಟಕ್ಕೆ ಕುಂಚವಿಟ್ಟ. ನನ್ನ ತಾಯಿಯನ್ನು ಹೆಗಲ ಮೇಲೆ ಹೊತ್ತವರಿಗೆ ಬರೀ ಎದೆಮಟ್ಟವೇ ಎಂದು ಮನಸ್ಸು ಒಪ್ಪಲಿಲ್ಲ. ಕುತ್ತಿಗೆಗೆ ಏರಿಸಿದ. ರೇಡಿಯೋ ನೆನಪಾಯಿತು. ಏಣಿ ತರಿಸಿದ. ಕೃತಜ್ಞತೆ ಏರುತ್ತ ಏರುತ್ತ, ಗೆರೆ ಹೋಗಿ ಚಾವಣಿಯ ಫ್ಯಾನಿನ ಪಕ್ಕದಲ್ಲಿ ನಿಂತಿತು. ನೋಡಿದವರಿಗೆ ಅನುಮಾನ ಬಾರದಿರಲೆಂದು ಒಂದಿಷ್ಟು ಪಾಚಿಯನ್ನೂ ಅಲ್ಲಲ್ಲಿ ಬಿಡಿಸಿದ.

ಕಿಟಕಿಯಿಂದ ಇಣುಕುತ್ತಿದ್ದ ಔಷಧಿ ಅಂಗಡಿಯವನಿಗೆ ಇದನ್ನು ನೋಡಿ ಹೊಟ್ಟೆಕಿಚ್ಚಾಯಿತು. ಅಂಗಡಿಯೊಳಗೆ ತನಗೆ ನೀರು ಬಂದದ್ದು ಮಂಡಿಯವರೆಗೆ, ಪರಿಹಾರವೂ ಸಿಕ್ಕಿ ಖರ್ಚಾಗಿತ್ತು. ಆದರೂ ಸರ್ಕಾರದವರು ಹೇಗೂ ಬರುತ್ತಿದ್ದಾರಲ್ಲ, ನನಗೂ ಒಂದು ಗೆರೆ ಹಾಕಿಬಿಡು, ಬೀದಿಯಲ್ಲಿ ಹಿರಿಯ ನಾನು, ಠಾಣೆಗಿಂತ ಒಂದು ಗೇಣು ಮೇಲಿರಲಿ ಎಂದ. ಇಲ್ಲವಾದರೆ ಬಾಯಿ ಬಿಡುತ್ತೇನೆ ಎಂಬುದನ್ನು ಕೆಮ್ಮಿ ತಿಳಿಸಿದ. ಡಬಲ್ ಕೋಟ್ ಓಡಿಹೋಗಿ ಅವನ ನಾಮಫಲಕದ ಮೇಲೊಂದು ಗೆರೆ ಎಳೆದ. ಪಕ್ಕದ ದರ್ಜಿ, ಔಷಧಿಯವನಿಗೆ ನಾನೇನು ಕಡಿಮೆ ಎಂದ. ಹೀಗೆ ಊಟದ ಹೊತ್ತಿಗೆ ಆ ಬೀದಿಯಲ್ಲಿ ಎರಡನೆಯ ಪ್ರವಾಹ ಮೊದಲನೆಯದಕ್ಕಿಂತ ಎತ್ತರಕ್ಕೆ ಬಂದು ನಿಂತಿತ್ತು.

ಇಂಜಿನಿಯರ್ ಒಬ್ಬ ಹೆಂಗಸು. ಕೈಯಲ್ಲಿ ಟೇಪು, ಕಾಲಿಗೆ ಕೆಸರಿನ ಬೂಟು, ಮುಖದಲ್ಲಿ ಹಲವು ಊರುಗಳ ಆಯಾಸ. ಅವರು ಬೀದಿಯ ಏರಿನ ತುದಿಯಿಂದ ನಡೆದುಬಂದರು. ದರ್ಜಿಯ ಮನೆ ನೋಡಿ ನಿಂತರು. ಔಷಧಿ ಅಂಗಡಿಯ ನಾಮಫಲಕ ನೋಡಿ ಕನ್ನಡಕ ಒರೆಸಿಕೊಂಡರು. ಠಾಣೆಯೊಳಗೆ ಬಂದು ತಲೆಯೆತ್ತಿ ಫ್ಯಾನಿನತ್ತ ನೋಡಿದರು. ತಗ್ಗಿನಲ್ಲಿರುವ ಠಾಣೆಗಿಂತ ಏರಿನಲ್ಲಿರುವ ಅಂಗಡಿಗೆ ಹೆಚ್ಚು ನೀರು ಹೇಗೆ ಬಂತೆಂದು ಸಮಾಧಾನವಾಗಿ ಕೇಳಿದರು. ಈ ಲೆಕ್ಕದಲ್ಲಿ ಬೀದಿಯವರು ಯಾರೂ ಬದುಕಿರಬಾರದಿತ್ತು ಎಂದರು. ಹೆಂಡತಿಯ ತಮ್ಮ, ನೀರು ಆ ದಿನ ಸ್ವಲ್ಪ ವಿಚಿತ್ರವಾಗಿತ್ತು ಎಂದು ವಿವರಿಸಹೋದ.

ಇಂಜಿನಿಯರ್ ಏಣಿ ಹತ್ತಿ ಗೆರೆಯನ್ನು ಬೆರಳಿನಿಂದ ಮುಟ್ಟಿದರು. ಬೆರಳು ಕಂದಾಯಿತು. "ಈ ಪ್ರವಾಹ ಇನ್ನೂ ಒಣಗಿಲ್ಲ," ಎಂದರು.

ಠಾಣಾಧಿಕಾರಿಗಳ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಇದು ನಮ್ಮದಲ್ಲ ಮೇಡಂ, ಆದರೆ ಇಲ್ಲಿದ್ದ ನಮ್ಮ ಗೆರೆ ಈಗ ಇಲ್ಲ, ನೀವು ಕಂಡದ್ದನ್ನೇ ಬರೆಯಿರಿ ಎಂದರು. ಇಂಜಿನಿಯರ್ ಪೆನ್ನು ತೆಗೆದರು. ಹೊಸ ಬಣ್ಣ, ನೀರಿನ ಗುರುತಿಲ್ಲ ಎಂದಷ್ಟೇ ತಾನು ಬರೆಯಬಲ್ಲೆ ಎಂದರು. ಅದನ್ನು ಹೇಳುವಾಗ ಅವರಿಗೂ ಬೇಸರವಿತ್ತು. ಆಮೇಲೆ, ಯಾರು ಮಾಡಿದ್ದು ಇದನ್ನು ಎಂದು ಕೇಳಿದರು. ಠಾಣಾಧಿಕಾರಿಗಳು ಉತ್ತರಿಸಲಿಲ್ಲ. ಆ ದಿನ ನೀರಿನಿಂದ ಎತ್ತಿದವರನ್ನು ಈ ದಿನ ಕೈಬಿಡುವ ಮನಸ್ಸು ಅವರಿಗಿರಲಿಲ್ಲ. ಡಬಲ್ ಕೋಟ್ ತಾನಾಗಿಯೇ ಮುಂದೆ ಬಂದ.

"ನಾನೇ ಮೇಡಂ," ಎಂದ. "ಇವರು ನನ್ನ ತಾಯೀನ ಹೊತ್ಕೊಂಡು ಬಂದ್ರು. ರೇಡಿಯೋಗೋಸ್ಕರ ಮತ್ತೆ ನೀರಿಗಿಳಿದ್ರು. ಕೊಡೋದಕ್ಕೆ ನನ್ನ ಹತ್ರ ಬಣ್ಣ ಬಿಟ್ಟು ಬೇರೆ ಏನೂ ಇರಲಿಲ್ಲ."

ಇಂಜಿನಿಯರ್ ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದುಕೊಂಡರು. ಎಲ್ಲಾದರೂ ಒಂದು ಮೂಲೆ, ಒಂದು ತುಂಡು ಗೋಡೆ ಬಳಿಯದೆ ಬಿಟ್ಟಿದ್ದೀರಾ ಎಂದು ಕೇಳಿದರು.

ಮಗನ ಪರ ವಾದಿಸಲು ತಾಯಿಗೆ ಇದೇ ಸಮಯವೆನಿಸಿತು. ಬಾಗಿಲಿಗೆ ತಂದಿಟ್ಟ ಕುರ್ಚಿಯಿಂದಲೇ ಕತ್ತೆತ್ತಿ, "ಒಂದಿಂಚೂ ಬಿಟ್ಟಿಲ್ಲಮ್ಮ," ಎಂದರು. "ಇಷ್ಟು ವರ್ಷ ಎಲ್ಲರ ಮನೇಲೂ ಬಿಟ್ಟ. ಆದ್ರೆ ಇವರಿಗೆ ಮಾತ್ರ ಬೀರು ಸರಿಸಿ ಬಳಿದಿದ್ದಾನೆ ನನ್ನ ಮಗ."

ಆಗ ಡಬಲ್ ಕೋಟನ ತಲೆಯೊಳಗೆ ಏನೋ ಸರಿಯಿತು. ಒಳಗಿನ ಕೋಣೆಯಲ್ಲಿ ಹಗ್ಗ, ಕೊಕ್ಕೆಗಳನ್ನಿಟ್ಟ ಕಬ್ಬಿಣದ ಬೀರು. ಅದಕ್ಕೆ ಹೆಗಲು ಕೊಟ್ಟು ತಳ್ಳಿದ್ದು, ಅದು ಮಿಸುಕದೆ ನಿಂತದ್ದು, ತೂಕಡಿಕೆಯನ್ನು ಎಬ್ಬಿಸಲು ನೋಡಿದ್ದು, ಕೊನೆಗೆ ಹಳೆಯ ಸಿದ್ಧಾಂತವನ್ನೇ ನೆನೆದು ಸುತ್ತ ಬಳಿದು ಮುಗಿಸಿದ್ದು, ಎಲ್ಲ ಒಂದೊಂದಾಗಿ ಮೇಲೆ ಬಂದವು. ಅವನು ತಾಯಿಯ ಮುಖ ನೋಡಿದ. ಅಷ್ಟು ಹೆಮ್ಮೆಯನ್ನು ಆ ಮುಖದಲ್ಲಿ ಅವನು ಹಿಂದೆಂದೂ ಕಂಡಿರಲಿಲ್ಲ. ಇಂಜಿನಿಯರ್ ಬರೆಯಲು ಬಗ್ಗಿದರು.

"ಮೇಡಂ," ಎಂದ ಡಬಲ್ ಕೋಟ್, ನೆಲ ನೋಡುತ್ತ. "ಒಳಗೆ ಒಂದು ಬೀರು ಇದೆ. ಅದನ್ನ ಸ್ವಲ್ಪ ಸರಿಸಿದ್ರೆ..."

ಮೊದಲು ಅರ್ಥವಾದದ್ದು ಹೆಂಡತಿಗೆ. ಇಷ್ಟು ವರ್ಷಗಳ ಸಂಸಾರದಲ್ಲಿ ಬೀರುವಿನ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ಒಳಗೆ ನಡೆದಳು. ಫೈರ್‌ಮನ್‌ಗಳು ಕೈ ಹಚ್ಚಿದರು, ದರ್ಜಿ ಹಚ್ಚಿದ, ತೂಕಡಿಕೆ ಪೂರ್ತಿ ಎಚ್ಚರವಾಗಿ ಹಚ್ಚಿದ. ಡಬಲ್ ಕೋಟ್ ಎಲ್ಲರಿಗಿಂತ ಜೋರಾಗಿ ತಳ್ಳಿದ. ಬೀರು ಕಿರುಗುಟ್ಟಿ ಪಕ್ಕಕ್ಕೆ ಸರಿಯಿತು.

ಹಿಂದೆ ಬೀರುವಿನಷ್ಟೇ ಅಗಲದ ಹಳೆಯ ಗೋಡೆ ಹಾಗೇ ಇತ್ತು. ಒಣಗಿದ ಕೆಸರು, ಅಂಟಿಕೊಂಡ ಒಂದು ಎಲೆ, ಅದರ ಮೇಲೆ ನೇರವಾದ ಕಂದು ಗೆರೆ. ಇಂಜಿನಿಯರ್ ಉಗುರಿನಿಂದ ಕೆರೆದು ನೋಡಿದರು, ಟೇಪು ಹಿಡಿದರು. ಗೆರೆ ಎದೆಮಟ್ಟ ದಾಟಿ, ನೀಳದೇಹದ ಠಾಣಾಧಿಕಾರಿಗಳ ಗದ್ದಕ್ಕೆ ಬಂದಿತ್ತು. ತಾವು ಇಲ್ಲದ ಹೊತ್ತಿನಲ್ಲಿ ತಮ್ಮ ಮನೆಗೆ ಎಷ್ಟು ನೀರು ಬಂದಿತ್ತೆಂದು ಫೈರ್‌ಮನ್‌ಗಳೆಲ್ಲ ಆ ಗೆರೆಯ ಪಕ್ಕ ನಿಂತು ನಿಂತು ನೋಡಿಕೊಂಡರು.

ಇದೊಂದನ್ನು ಯಾಕೆ ಬಿಟ್ಟಿರಿ ಎಂದು ಇಂಜಿನಿಯರ್ ಕೇಳಿದರು. ಡಬಲ್ ಕೋಟ್ ತಲೆ ಕೆರೆದುಕೊಂಡು, ಬೀರು ಹಿಂದೆ ಯಾರು ನೋಡುತ್ತಾರೆ ಅಂದುಕೊಂಡೆ ಎಂದ.

"ನಾನು ನೋಡ್ತೀನಿ," ಎಂದರು ಅವರು. "ನಂಗೆ ಸಂಬಳ ಕೊಡೋದೇ ಅದಕ್ಕೆ."

ಹೋಗುವಾಗ ಅವರು ಔಷಧಿ ಅಂಗಡಿಯವನಿಗೂ ದರ್ಜಿಗೂ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೊಡಿಸಿ, ತಾವು ಬೀದಿ ದಾಟುವುದರೊಳಗೆ ಪ್ರವಾಹ ಇಳಿದಿರಬೇಕು ಎಂದರು. ಅದು ಇಳಿಯಿತು. ತಾಯಿ ಮಗನನ್ನು ಹತ್ತಿರ ಕರೆದು ಕಿವಿ ಹಿಂಡಿ, ಹಿಂಡಿದ ಕೈಯಿಂದಲೇ ಅವನ ತಲೆ ಸವರಿದರು. ಸುಳ್ಳಿಗೆ ಮೊದಲನೆಯದು, ಸತ್ಯಕ್ಕೆ ಎರಡನೆಯದು ಎಂದು ನೋಡಿದವರು ಅರ್ಥ ಮಾಡಿಕೊಂಡರು.

ಸರ್ಕಾರದ ಹಣ ಸರ್ಕಾರದ ನಡಿಗೆಯಲ್ಲೇ ಬಂತು. ಆದರೆ ಬಂತು. ಎತ್ತರದ ಪಾಯದ ಮೇಲೆ ಹೊಸ ಠಾಣೆ ಎದ್ದಿತು. ಹೊಸ ಲಾರಿ ಬಂದ ದಿನ ಬೀದಿಯವರೆಲ್ಲ ಅದನ್ನು ತಮ್ಮದೇ ಎಂಬಂತೆ ಮುಟ್ಟಿ ನೋಡಿದರು. ತೇಪೆಯಿಲ್ಲದ ದೋಣಿಯಲ್ಲಿ ಡಬಲ್ ಕೋಟನ ತಾಯಿಯನ್ನು ಫೈರ್‌ಮನ್‌ಗಳು ಅಂಗಳದಲ್ಲೇ ಕೂರಿಸಿ, ಆರಾಮಾಗಿದೆಯೇ ಎಂದು ಕೇಳಿದರು. ಬೆನ್ನಿಗೆ ಒಂದು ದಿಂಬಿದ್ದರೆ ಚೆನ್ನಾಗಿತ್ತು ಎಂದರು ಅವರು. ಔಷಧಿ ಅಂಗಡಿಯವನು ಸರ್ಕಾರವನ್ನು ಬೈಯಲು ಬಾಯಿ ತೆರೆದು, ಠಾಣೆಯ ಕಡೆ ನೋಡಿ, ಹವಾಮಾನದ ಬಗ್ಗೆ ಮಾತಾಡಿದ.

ಹಳೆಯ ಠಾಣೆಯನ್ನು ಕೆಡವುವಾಗ ಬೀರುವಿನಷ್ಟು ಅಗಲದ ಆ ಗೋಡೆಯನ್ನು ಮಾತ್ರ ಠಾಣಾಧಿಕಾರಿಗಳು ಉಳಿಸಿಕೊಂಡಿದ್ದರು. ಅಂಗಳದಲ್ಲಿ ಅದು ಒಂಟಿಯಾಗಿ ನಿಂತಿತ್ತು. ಮುಂದೆ ಬರುವವರಿಗೆ ಗೊತ್ತಾಗಲಿ, ಗೆರೆಯ ಪಕ್ಕ ಏನಾದರೂ ಬರೆದುಕೊಡು ಎಂದು ಡಬಲ್ ಕೋಟನನ್ನು ಕರೆಸಿದರು. ಏನು ಬರೆಯಲಿ ಎಂದು ಅವನು ತಾಯಿಯನ್ನು ಕೇಳಿದ. ತಾಯಿ ರೇಡಿಯೋದ ಸದ್ದು ಕಡಿಮೆ ಮಾಡಿ ಹೇಳಿಕೊಟ್ಟರು. ಅವನು ಗೋಡೆಯ ಮುಂದೆ ನಿಂತು ನಿಧಾನವಾಗಿ ಬರೆದ:

ನೀರು ಇಲ್ಲಿಯವರೆಗೆ ಬಂದಿತ್ತು. ನೀವೂ ಬಂದಿರಿ.

ಠಾಣಾಧಿಕಾರಿಗಳು ಓದಿದರು. ಇದು ನಮ್ಮ ಡ್ಯೂಟಿ ಎಂದು ಹೇಳಹೊರಟವರು ಅದನ್ನು ಬಿಟ್ಟು ಆ ಗೆರೆಯ ಮೇಲೆ ಕೈಯಾಡಿಸಿದರು. ಪಕ್ಕದ ಬೀದಿಯವರಿಗೆ ಆ ದಿನ ಏನೂ ಕೇಳಿಸಲಿಲ್ಲ. ಠಾಣಾಧಿಕಾರಿಗಳು ಚಹಾ ತರಲು ಒಳಗೆ ಹೋದರು.

ಡಬಲ್ ಕೋಟ್ ಅಲ್ಲೇ ಕುಳಿತು ಅಕ್ಷರ ಒಣಗುವುದನ್ನು ಕಾದ. ಆಮೇಲೆ, ಯಾರೂ ಹೇಳದೆಯೇ, ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿ, ಮೊದಲ ಅಕ್ಷರದಿಂದ ಶುರುಮಾಡಿ ಎರಡನೆಯ ಕೋಟ್ ಹಾಕಿದ.